ಮರದ ಡೆಕ್ ತೊಳೆಯುವಾಗ ನೀರಿನ ಒತ್ತಡ ಎಷ್ಟಿರಬೇಕು?

ಮಳೆಗಾಲ ಕಳೆದ ಮೇಲೆ ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಮನೆಗಳ ಅಂಗಳವನ್ನು ನೀವು ನೋಡಿರಬಹುದು. ತಿಂಗಳುಗಟ್ಟಲೆ ಸರಿಯಾಗಿ ಬಿಸಿಲು ಬೀಳದ ಕಡೆಯಲ್ಲೆಲ್ಲ ಹಸಿರು ಹಾವಸೆ ಕಟ್ಟಿರುತ್ತದೆ. ಕಾಲಿಟ್ಟರೆ ಜಾರುತ್ತದೆ. ಈಗ ಆ ಕಡೆಯ ಹೋಂಸ್ಟೇಗಳಲ್ಲಿ, ಬೆಂಗಳೂರಿನ ಕೆಲವು ತಾರಸಿಗಳಲ್ಲಿ ಕೂಡ, ಹಲಗೆಗಳನ್ನು ಸಾಲಾಗಿ ಜೋಡಿಸಿದ ತೆರೆದ ಜಗಲಿ ಬಂದಿದೆ. ಎಲ್ಲರೂ ಅದನ್ನು ಡೆಕ್ ಎಂದೇ ಕರೆಯುತ್ತಾರೆ. ಹಾವಸೆ ಅದನ್ನೂ ಬಿಡುವುದಿಲ್ಲ.

ಅದನ್ನು ತೆಗೆಯಲು ಹಲವರು ಹಿಡಿಯುವ ಸಾಧನ ಪ್ರೆಷರ್ ವಾಷರ್. ಕಾರು ತೊಳೆಯಲೆಂದು ಕೊಂಡ ಯಂತ್ರ ಮನೆಯಲ್ಲೇ ಇರುತ್ತದೆ. ಗುಂಡಿ ಒತ್ತಿದರೆ ಸಾಕು, ಕಪ್ಪು ಹಲಗೆಯ ಮೇಲೆ ಹೊಂಬಣ್ಣದ ಪಟ್ಟೆ ಮೂಡುತ್ತದೆ. ನಮ್ಮಂಥ ಟೆಲಿವಿಷನ್ ನಿರ್ಮಾಪಕರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೇ? ಆದರೆ ಕ್ಯಾಮೆರಾ ತೋರಿಸುವುದು ಒದ್ದೆ ಹಲಗೆಯನ್ನು. ಎರಡು ದಿನ ಕಳೆದು ಹಲಗೆ ಒಣಗಿದಾಗ ಮೇಲೇಳುವ ನಾರು, ಸಿಬಿರುಗಳನ್ನು ತೋರಿಸಲು ಅದು ಕಾಯುವುದಿಲ್ಲ. ಮರವನ್ನು ಶುದ್ಧ ಮಾಡಬೇಕಾದುದು ನೀರಿನ ಏಟಲ್ಲ. ಸೋಪು, ಬ್ರಷ್ಷು ಮತ್ತು ಸ್ವಲ್ಪ ತಾಳ್ಮೆ. ಸಡಿಲವಾದ ಕೊಳೆಯನ್ನು ಕೊಚ್ಚಿಕೊಂಡು ಹೋಗುವುದಷ್ಟೇ ಯಂತ್ರದ ಕೆಲಸ. ಇದು ಏಕೆ ಎಂಬುದನ್ನು ಈಗ ನೋಡೋಣ.

ಜೋಗದ ನಾಲ್ಕು ಪಟ್ಟು

ನೀರಿನ ಟ್ಯಾಂಕು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಮನೆಬಳಕೆಯ ಪ್ರೆಷರ್ ವಾಷರ್‌ನದು ಸಾಮಾನ್ಯವಾಗಿ 100 ಬಾರ್ ಅಥವಾ ಅದಕ್ಕಿಂತ ಹೆಚ್ಚು. ಟ್ಯಾಂಕಿನಿಂದ ಇಷ್ಟು ಒತ್ತಡ ಪಡೆಯಬೇಕಾದರೆ ಟ್ಯಾಂಕನ್ನು 1000 ಮೀಟರ್ ಎತ್ತರದಲ್ಲಿ ಇಡಬೇಕು. ಜೋಗ ಜಲಪಾತದ ಎತ್ತರ 253 ಮೀಟರ್. ನಾಲ್ಕು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಕೊಳವೆಯಲ್ಲಿ ನೀರು ತುಂಬಿದಂತೆ ಎಂದುಕೊಳ್ಳಿ.

ಈ ಒತ್ತಡದ ನೀರು ಸಣ್ಣ ರಂಧ್ರದಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 140 ಮೀಟರ್, ಅಂದರೆ ಗಂಟೆಗೆ 500 ಕಿಲೋಮೀಟರ್. ಕಾರಿನ ಚಕ್ರದ ಕೆಸರಿಗೆ, ಸಿಮೆಂಟ್ ನೆಲಕ್ಕೆ ಇದು ಸರಿ. ಮರದ ಮಾತು ಬೇರೆ.

ಹಲಗೆಯೊಳಗೆ ಏನಾಗುತ್ತದೆ?

ಮರವೆಂದರೆ ಕೋಟ್ಯಂತರ ಸೂಕ್ಷ್ಮ ಕೊಳವೆಗಳ ಕಟ್ಟು. ಒಣಹುಲ್ಲನ್ನು ಕಂತೆ ಕಟ್ಟಿ ಅಂಟಿಸಿದ ಹಾಗೆ. ಕೊಳವೆಯ ಗೋಡೆ ಸೆಲ್ಯುಲೋಸಿನದು. ಅವುಗಳನ್ನು ಹಿಡಿದಿಡುವ ಅಂಟು ಲಿಗ್ನಿನ್. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಮೇಲ್ಪದರದ ಲಿಗ್ನಿನ್ನನ್ನು ಒಡೆಯುತ್ತವೆ. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಹಳೆಯ ಹಲಗೆ ಬೂದು ಬಣ್ಣಕ್ಕೆ ತಿರುಗುವುದಕ್ಕೆ ಮುಖ್ಯ ಕಾರಣ ಇದೇ. ಅಂಟು ಕಳೆದುಕೊಂಡ ಆ ನಾರಿನ ಮೇಲೆ ಜೋರಾದ ನೀರು ಬಿದ್ದರೆ ನಾರು ಕಿತ್ತು ಬರುತ್ತದೆ.

ಇನ್ನೊಂದು ಸಂಗತಿ ಇದೆ. ಬೆಳವಣಿಗೆಯ ಕಾಲದ ಆರಂಭದಲ್ಲಿ ಬೆಳೆದ ಮರ ಮೃದು, ನಂತರ ಬೆಳೆದದ್ದು ಗಟ್ಟಿ. ಪೈನ್ ಹಲಗೆಯಲ್ಲಿ ಈ ತೆಳು-ಗಾಢ ಪಟ್ಟೆಗಳು ಕಣ್ಣಿಗೇ ಕಾಣುತ್ತವೆ. ನೀರಿನ ಧಾರೆ ಮೊದಲು ಮೃದು ಪಟ್ಟೆಯನ್ನು ಕೊರೆಯುತ್ತದೆ. ಗಟ್ಟಿ ಪಟ್ಟೆ ಏಣಿನಂತೆ ಉಳಿಯುತ್ತದೆ. ನಡುವಿನ ಗೀರುಗಳಲ್ಲಿ ನೀರು ನಿಲ್ಲುತ್ತದೆ, ಮಣ್ಣು ಸೇರುತ್ತದೆ. ಮುಂದಿನ ಮಳೆಗಾಲಕ್ಕೆ ಹಾವಸೆ ಅಲ್ಲಿ ಮತ್ತೂ ಸುಲಭವಾಗಿ ಬೇರೂರುತ್ತದೆ. ಜಾರಬಾರದೆಂದು ತೊಳೆದ ಡೆಕ್ ಇನ್ನಷ್ಟು ಬೇಗ ಜಾರುವಂತಾಗುತ್ತದೆ!

ಕೆಲಸದ ಕ್ರಮ

ಮೊದಲು ಹಲಗೆಯನ್ನು ಪರೀಕ್ಷಿಸಿ. ತುದಿಗಳಲ್ಲಿ, ಮೊಳೆ ಅಥವಾ ಸ್ಕ್ರೂ ಇರುವಲ್ಲಿ, ಕೆಳಗಿನ ತೊಲೆಗಳಲ್ಲಿ ಒಂದು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಅಲ್ಲಿ ಮರ ಕೊಳೆತಿದೆ. ಅಂಥ ಕಡೆ ಬೇಕಾದವರು ಬಡಗಿ, ನೀರಲ್ಲ. ಇಳಿಜಾರಿನ ಮೇಲೆ ಕಟ್ಟಿದ ಡೆಕ್ ಆದರೆ ಅಂಚಿನ ಕಂಬಿ ಗಟ್ಟಿಯಾಗಿದೆಯೇ ಎಂದು ಕೈಯಿಂದ ಅಲುಗಿಸಿ ನೋಡುವುದನ್ನು ಮರೆಯಬೇಡಿ.

ನಂತರ ಒಣಪೊರಕೆಯಲ್ಲಿ ಗುಡಿಸಿ. ಹಲಗೆಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡ ಎಲೆ, ಮಣ್ಣನ್ನು ತೆಗೆಯಿರಿ. ಬಕೆಟ್ ನೀರಿಗೆ ಸ್ವಲ್ಪ ಸೋಪಿನ ಪುಡಿ ಬೆರೆಸಿ ಹಲಗೆಗೆ ಸುರಿದು, ಹತ್ತು ಹದಿನೈದು ನಿಮಿಷ ನೆನೆಯಲು ಬಿಡಿ, ಒಣಗಲು ಬಿಡಬೇಡಿ. ಆಮೇಲೆ ನಾರಿನ ಬ್ರಷ್ಷಿನಿಂದ ಮರದ ಎಳೆಯ ಉದ್ದಕ್ಕೆ ಉಜ್ಜಿ. ತಂತಿ ಬ್ರಷ್ ಬೇಡ. ಅದರ ಕಬ್ಬಿಣದ ಚೂರು ಹಲಗೆಯಲ್ಲಿ ಉಳಿದು ಕಪ್ಪು ಕಲೆ ಮಾಡುತ್ತದೆ.

ಎಷ್ಟೋ ಡೆಕ್‌ಗಳಿಗೆ ಇಷ್ಟೇ ಸಾಕು. ಉಳಿದದ್ದನ್ನು ತೋಟದ ಪೈಪಿನಿಂದ ತೊಳೆಯಬಹುದು. ಯಂತ್ರ ಬೇಕೇ ಬೇಕೆನಿಸಿದರೆ ಈ ಅಳತೆಗಳನ್ನು ನೆನಪಿಡಿ. ಪೈನ್‌ನಂಥ ಮೃದು ಮರಕ್ಕೆ 35ರಿಂದ 40 ಬಾರ್ ಸಾಕು. ತೇಗದಂಥ ಗಟ್ಟಿ ಮರಕ್ಕೂ 80 ಬಾರ್ ದಾಟದಿರುವುದು ಕ್ಷೇಮ. ಯಂತ್ರದ ಮೇಲೆ ಪಿಎಸ್‌ಐ ಎಂದು ಬರೆದಿದ್ದರೆ ಆ ಸಂಖ್ಯೆಯನ್ನು 14.5ರಿಂದ ಭಾಗಿಸಿ, ಬಾರ್ ಲೆಕ್ಕ ಸಿಗುತ್ತದೆ.

ಒತ್ತಡ ತಗ್ಗಿಸುವ ತಿರುಪು ಅನೇಕ ಸಣ್ಣ ಯಂತ್ರಗಳಲ್ಲಿ ಇರುವುದಿಲ್ಲ. ಆಗ ನಿಮ್ಮ ಕೈಯಲ್ಲಿರುವುದು ಎರಡೇ: ನಾಜಲ್ ಮತ್ತು ದೂರ. ಬಣ್ಣದ ಗುರುತಿನ ನಾಜಲ್‌ಗಳಲ್ಲಿ ಸಾಮಾನ್ಯವಾಗಿ ಕೆಂಪು ಎಂದರೆ ಸೂಜಿಯಂಥ ನೇರ ಧಾರೆ, ಬಿಳಿ ಎಂದರೆ 40 ಡಿಗ್ರಿಯಷ್ಟು ಹರಡುವ ಧಾರೆ. ಮರಕ್ಕೆ ಬಿಳಿಯದೇ ಸರಿ. ಕೆಂಪು ನಾಜಲ್, ಗಿರಗಿರ ತಿರುಗುವ ನಾಜಲ್ ಇವೆರಡನ್ನೂ ಪೆಟ್ಟಿಗೆಯಲ್ಲೇ ಬಿಡಿ. ಮೊದಲು ಎರಡು ಅಡಿ ದೂರದಿಂದ, ಯಾರಿಗೂ ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಕೊಳೆ ಹೋಗದಿದ್ದರೆ ಸ್ವಲ್ಪ ಸ್ವಲ್ಪವೇ ಹತ್ತಿರ ಬನ್ನಿ. ಒಂದು ಅಡಿಗಿಂತ ಹತ್ತಿರ ಬೇಡ. ಅಷ್ಟಕ್ಕೂ ಹೋಗದಿದ್ದರೆ ಮತ್ತೆ ಬ್ರಷ್ ಹಿಡಿಯಿರಿ.

ಧಾರೆಯನ್ನು ಎಳೆಯ ಉದ್ದಕ್ಕೆ, ಸಮನಾದ ವೇಗದಲ್ಲಿ ಸಾಗಿಸಿ. ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಕುಳಿ ಬೀಳುತ್ತದೆ. ಗುಂಡಿ ಒತ್ತುವಾಗ ಧಾರೆ ಹಲಗೆಯ ಹೊರಗಿರಲಿ, ಚಲಿಸುತ್ತಲೇ ಹಲಗೆಯ ಮೇಲೆ ಬರಲಿ. ಗೋಡೆಯ ಪಕ್ಕದಿಂದ ಆರಂಭಿಸಿ ಹೊರಗಿನ ಅಂಚಿನ ಕಡೆಗೆ ತೊಳೆಯುತ್ತ ಹೋಗಿ, ಕೊಳೆನೀರು ಮನೆಯ ಕಡೆ ಬಾರದು.

ಮೈಮೇಲೆ ಎಚ್ಚರ

ಮರವನ್ನು ಕೊರೆಯುವ ನೀರು ಚರ್ಮವನ್ನು ಬಿಡುತ್ತದೆಯೇ? ಈ ಧಾರೆ ಚರ್ಮವನ್ನು ತೂರಿ ಒಳಗೆ ನುಗ್ಗಬಲ್ಲದು. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ. ಒಳಗೆ ಕೊಳೆನೀರು, ರೋಗಾಣು ಹರಡಿರಬಹುದು. ನೋವಿಲ್ಲವೆಂದು ಪಟ್ಟಿ ಕಟ್ಟಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಯಂತ್ರದಿಂದ ಆದ ಗಾಯವೆಂದು ವೈದ್ಯರಿಗೆ ಮರೆಯದೆ ಹೇಳಿ. ಹವಾಯಿ ಚಪ್ಪಲಿ ಹಾಕಿಕೊಂಡು ಈ ಕೆಲಸ ಮಾಡಬಾರದು. ಗಂಬೂಟು, ಉದ್ದನೆಯ ಪ್ಯಾಂಟು, ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕು. ಮಕ್ಕಳು, ನಾಯಿ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಏಣಿಯ ಮೇಲೆ ನಿಂತು ಯಂತ್ರ ಹಿಡಿಯಬೇಡಿ. ಅದು ಕೈಯನ್ನು ಹಿಂದಕ್ಕೆ ತಳ್ಳುತ್ತದೆ.

ನೀರು ಮತ್ತು ವಿದ್ಯುತ್ತು ಒಂದೇ ಕಡೆ ಇರುವ ಕೆಲಸ ಇದು. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಯಂತ್ರವನ್ನು ಜೋಡಿಸಿ. ಆ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಖಚಿತಪಡಿಸಿಕೊಳ್ಳಿ. ಟೇಪು ಸುತ್ತಿದ ವೈರು ಒದ್ದೆ ನೆಲದ ಮೇಲೆ ಬೇಡ. ನಾಜಲ್ ಬದಲಿಸುವ ಮೊದಲು ಯಂತ್ರ ನಿಲ್ಲಿಸಿ, ನಲ್ಲಿ ಮುಚ್ಚಿ, ಗುಂಡಿ ಒತ್ತಿ ಒಳಗೆ ಉಳಿದ ಒತ್ತಡವನ್ನು ಬಿಟ್ಟುಬಿಡಿ.

ಬ್ಲೀಚಿಂಗ್ ಪುಡಿ ಹಾಕಿದರೆ ಬೇಗ ಬಿಳಿಯಾಗುತ್ತದೆ ಎಂಬ ಸಲಹೆ ನಿಮಗೆ ಬಂದೇ ಬರುತ್ತದೆ. ಅದು ಮರದ ನಾರನ್ನೂ ಹಾಳುಮಾಡುತ್ತದೆ. ಬಚ್ಚಲು ತೊಳೆಯುವ ಆಸಿಡ್ ಜೊತೆ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ಹಳೆಯ ಬಣ್ಣ ಬಳಿದ ಕಂಬಿ, ಕಂಬಗಳಿಗೂ ಜೋರಾದ ನೀರು ಹಾಯಿಸಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲಿನ ಬಣ್ಣದ ಚಕ್ಕೆಗಳಲ್ಲಿ ಸೀಸ ಇರಬಹುದು. ಅವು ಹಾರಿ ತೋಟದ ಮಣ್ಣಿಗೆ, ಬಾವಿಯ ಕಡೆಗೆ, ಮಕ್ಕಳು ಆಡುವ ಜಾಗಕ್ಕೆ ಸೇರುವುದು ಬೇಡ.

ತೊಳೆದ ಮೇಲೆ ಕನಿಷ್ಠ ಎರಡು ಮೂರು ಬಿಸಿಲು ದಿನ ಹಲಗೆ ಒಣಗಲಿ. ಆದ್ದರಿಂದ ಈ ಕೆಲಸಕ್ಕೆ ಮಳೆ ಪೂರ್ತಿ ಬಿಟ್ಟ ಮೇಲಿನ ದಿನಗಳೇ ಒಳ್ಳೆಯವು. ಒಣಗಿದ ಮೇಲೆ ಒಂದು ಹಳೆಯ ಬಟ್ಟೆಯನ್ನು ಹಲಗೆಯ ಮೇಲೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ನಾರು ಎದ್ದಿದೆ. ಅಲ್ಲಿ 80ನೇ ನಂಬರಿನ ಉಪ್ಪು ಕಾಗದ ಹಿಡಿದು ಎಳೆಯ ಉದ್ದಕ್ಕೆ ಉಜ್ಜಿ, ದೂಳು ಒರೆಸಿ, ಹೊರಾಂಗಣ ಮರಕ್ಕೆಂದೇ ಬರುವ ಎಣ್ಣೆಯನ್ನು ತೆಳ್ಳಗೆ ಸವರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಿ, ಆಮೇಲೆ ಬಿಸಾಡಿ.