ನೋವಿನ ಹಾದಿಗೆ ತಡೆ

ಬೆರಳಿಗೆ ಮುಳ್ಳು ಚುಚ್ಚಿದರೆ ನೋವು ಎಲ್ಲಿದೆಯೆಂದು ಕಣ್ಣು ಮುಚ್ಚಿಯೂ ತೋರಿಸಬಲ್ಲೆವು. ಹೊಟ್ಟೆಯೊಳಗಿನ ನೋವು ಹಾಗಲ್ಲ. ಕರುಳನ್ನು ಕತ್ತರಿಸಿದರೆ ಅಷ್ಟಾಗಿ ನೋಯದು. ಅದನ್ನೇ ಹಿಗ್ಗಿಸಿದರೆ ಅಸಹನೀಯ ಯಾತನೆ. ಮೇದೋಜೀರಕಾಂಗದಲ್ಲಿ ಕ್ಯಾನ್ಸರ್ ಬೆಳೆದವರಿಗಂತೂ ಮೇಲುಹೊಟ್ಟೆಯಿಂದ ಬೆನ್ನಿನವರೆಗೆ ನೋವು ಕೊರೆಯುತ್ತಿರುವುದುಂಟು. ಮಾರ್ಫೀನು ಅದನ್ನು ತಗ್ಗಿಸುವುದು ನಿಜ. ಜೊತೆಗೆ ಮಂಪರು, ಮಲಬದ್ಧತೆಗಳನ್ನೂ ತರುವುದು.

ಈ ನೋವಿಗೆ ಒಂದು ಹಾದಿಯಿದೆ. ಜಠರ, ಯಕೃತ್ತು, ಮೇದೋಜೀರಕಾಂಗ, ಕರುಳಿನ ಬಹುಭಾಗ, ಇವುಗಳಿಂದ ಹೊರಟ ನರತಂತುಗಳು ಬೆನ್ನುಹುರಿಯನ್ನು ಸೇರುವ ಮುನ್ನ, ಅರಸೀಕೆರೆಯಲ್ಲಿ ರೈಲುದಾರಿಗಳು ಕೂಡುವಂತೆ, ಒಂದೆಡೆ ಕೂಡುತ್ತವೆ. ಮಹಾಪಧಮನಿಯು ವಪೆಯನ್ನು ದಾಟಿ ಹೊಟ್ಟೆಗಿಳಿದೊಡನೆ ಅದರ ಮುಂಬದಿಯಲ್ಲಿ ಹೆಣೆದುಕೊಂಡಿರುವ ಬಲೆಯಿದು. ವೈದ್ಯರು ಇದನ್ನು ಸೀಲಿಯಕ್ ನರಜಾಲವೆನ್ನುವರು.

ನರದಲ್ಲಿ ಹರಿಯುವುದು ತಾಮ್ರದ ತಂತಿಯಲ್ಲಿ ಹರಿಯುವಂತಹ ವಿದ್ಯುತ್ತಲ್ಲ. ತಂತುವಿನ ಪೊರೆಯಲ್ಲಿರುವ ಸೂಕ್ಷ್ಮದ್ವಾರಗಳು ಒಂದರ ಬಳಿಕ ಒಂದು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುವುದರಿಂದ ಸಂಕೇತವು ಮುಂದೆ ಸಾಗುತ್ತದೆ. ಮಂದವಾದ ನೋವನ್ನು ಒಯ್ಯುವ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1 ಮೀಟರು. ನಮ್ಮ ನಡಿಗೆಗೆ ಸಮ! ಅರಿವಳಿಕೆ ಮದ್ದು ಈ ದ್ವಾರಗಳನ್ನು ಕೆಲವು ಗಂಟೆ ಮುಚ್ಚಿಡುತ್ತದೆ.

1914ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ಕಾಪಿಸ್, ಬೆನ್ನಿನ ಕಡೆಯಿಂದ ಸೂಜಿ ತೂರಿಸಿ ಇಂತಹ ಮದ್ದನ್ನು ಜಾಲದ ಬಳಿ ಬಿಡುವ ಕ್ರಮವನ್ನು ವರ್ಣಿಸಿದನು. ಆತನ ಗುರಿ ಶಸ್ತ್ರಚಿಕಿತ್ಸೆ. ಕ್ಯಾನ್ಸರಿನ ನೋವಿಗೆ ಕೆಲವು ಗಂಟೆಗಳ ಬಿಡುವು ಸಾಲದಷ್ಟೆ. ಆದಕಾರಣ ಮುಂದೆ ಮದ್ಯಸಾರದ ಬಳಕೆ ಬಂದಿತು. ಅದು ತಂತುವಿನ ಮೇದಸ್ಸನ್ನು ಕರಗಿಸಿ, ಪ್ರೋಟೀನನ್ನು ಹೆಪ್ಪುಗಟ್ಟಿಸಿ, ತಂತುವನ್ನೇ ನಾಶಪಡಿಸುತ್ತದೆ. ಸೂಜಿಯ ತುದಿಗೂ ಮಹಾಪಧಮನಿಗೂ ಅಂತರ ಅತ್ಯಲ್ಪ. ಮೊದಲು ಎಲುಬಿನ ಗುರುತನ್ನೇ ನಂಬಬೇಕಾಗಿದ್ದಿತು. ಬಳಿಕ ಕ್ಷ-ಕಿರಣವೂ ಸಿ.ಟಿ. ಚಿತ್ರವೂ ನೆರವಾದುವು. 1990ರ ದಶಕದಿಂದೀಚೆಗೆ, ಬಾಯಿಯ ಮೂಲಕ ಜಠರಕ್ಕಿಳಿಸಿದ ನಳಿಕೆಯ ತುದಿಯಿಂದಲೇ ಶ್ರವಣಾತೀತ ತರಂಗಗಳನ್ನು ಹೊಮ್ಮಿಸಿ, ಜಾಲದ ನೆಲೆಯನ್ನು ಗುರುತಿಸಿ ಚುಚ್ಚುವುದು ಸಾಧ್ಯವಾಗಿದೆ. ಜಠರದ ಹಿಂಗೋಡೆಗೆ ಜಾಲವು ತೀರ ಸಮೀಪವಲ್ಲವೆ?

ಮದ್ಯಸಾರಕ್ಕೆ ನೋವಿನ ತಂತು ಯಾವುದು, ಉಳಿದವು ಯಾವುವು ಎಂಬ ವಿವೇಚನೆಯಿಲ್ಲ. ರಕ್ತನಾಳಗಳನ್ನು ಬಿಗಿಹಿಡಿಯುವ ತಂತುಗಳೂ ಅಳಿಯುವುದರಿಂದ ರಕ್ತದೊತ್ತಡ ಇಳಿಯುವುದು. ಕೆಲವು ದಿನ ಭೇದಿಯಾಗುವುದು. ಅತಿ ವಿರಳವಾಗಿ ಕಾಲುಗಳ ಸ್ವಾಧೀನ ತಪ್ಪಿರುವುದೂ ಉಂಟು. ತಂತುಗಳು ಮರಳಿ ಬೆಳೆಯುವುದರಿಂದ ಉಪಶಮನವೂ ಸಾಮಾನ್ಯವಾಗಿ ಕೆಲವು ತಿಂಗಳಷ್ಟೆ.

2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 100 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ, ಮದ್ದುಗಳನ್ನಷ್ಟೇ ಪಡೆದವರಿಗಿಂತ ಈ ಚಿಕಿತ್ಸೆಯನ್ನೂ ಪಡೆದವರಿಗೆ ನೋವು ಹೆಚ್ಚು ತಗ್ಗಿತು, ಆಯುಸ್ಸು ಹೆಚ್ಚಲಿಲ್ಲ. ಆಯುಸ್ಸು ಬೆಳೆಯದಿದ್ದರೂ ಇರುಳು ನಿದ್ದೆ ಬಂದರೆ ಅದು ಸಣ್ಣ ಲಾಭವೆಂದು ನಾವು ಎಣಿಸೆವು. ಆದರೆ ಗಂತಿಯು ಬೆಳೆದು ಜಾಲವನ್ನೇ ಕವಿದ ಮೇಲೆ ಮದ್ಯಸಾರ ಹರಡಲು ಎಡೆಯಿರದು. ಆದುದರಿಂದ ವೈದ್ಯರೊಡನೆ ಈ ಮಾತನ್ನೆತ್ತಲು ಬೇರೆಲ್ಲ ಮದ್ದುಗಳೂ ಸೋಲುವವರೆಗೆ ಕಾಯಬೇಕಾಗಿಲ್ಲ.