ಕಲ್ಲು, ಕಾಗದ, ಮೊಬೈಲು: ನಿಮ್ಮ ಹಾಲಿನ ಲೆಕ್ಕ ಎಲ್ಲಿದೆ?



ಬೆಂಗಳೂರಿನ ಮಲ್ಲೇಶ್ವರಕ್ಕೆ ಆ ಹೆಸರು ಬಂದದ್ದು ಅಲ್ಲಿನ ಕಾಡುಮಲ್ಲೇಶ್ವರ ದೇವಸ್ಥಾನದಿಂದ. ಆ ದೇವರ ಸೇವೆಗೆ ಮೇದರನಿಂಗನಹಳ್ಳಿ ಎಂಬ ಊರನ್ನು ಶಿವಾಜಿಯ ತಮ್ಮ ಏಕೋಜಿ ದತ್ತಿ ಬಿಟ್ಟ ಸಂಗತಿಯನ್ನು 1669ರ ಶಿಲಾಶಾಸನ ಹೇಳುತ್ತದೆ. ಬರೆದಿಟ್ಟಿದ್ದರಿಂದಲೇ ಇಷ್ಟು ವರ್ಷದ ಮೇಲೂ ಯಾರು, ಏನು ಕೊಟ್ಟರು ಎಂಬುದು ನಮಗೆ ಗೊತ್ತು.

ಆದರೆ ಕಲ್ಲೂ ಕಳೆದುಹೋಗುತ್ತದೆ. ನಗರ ಬೆಳೆದಂತೆ ಬೆಂಗಳೂರಿನ ಎಷ್ಟೋ ಶಾಸನಗಳು ಕಾಣೆಯಾದವು. ಅವುಗಳಲ್ಲಿದ್ದ ಮಾತು ಮಾತ್ರ ಉಳಿದಿದೆ. ಏಕೆಂದರೆ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳ ಪಾಠವನ್ನು ಸಂಗ್ರಹಿಸಿ 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರು. ಈಗ ಮಿಥಿಕ್ ಸೊಸೈಟಿಯವರು ಉಳಿದಿರುವ ಕಲ್ಲುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲೂ ಇಡುತ್ತಿದ್ದಾರೆ. ಹಳೆಯದು ಹಾಳಾಗುವ ಮೊದಲೇ ಹೊಸದಕ್ಕೆ ಇಳಿಸಿಕೊಂಡದ್ದು ಮಾತ್ರ ಉಳಿಯಿತು.

ನಮ್ಮ ಡೇರಿಯ ಲೆಕ್ಕವೂ ಹೀಗೆಯೇ ದಾರಿ ಬದಲಿಸಿದೆ. ಮೊದಲು ಕಾರ್ಯದರ್ಶಿ ಕೈಯಲ್ಲಿ ಬರೆದುಕೊಡುತ್ತಿದ್ದ ಪಾಸ್‌ಬುಕ್ ಇತ್ತು. ಈಗ ಯಂತ್ರ ತೂಕ, ಫ್ಯಾಟ್ ನೋಡಿ ಚೀಟಿ ಕೊಡುತ್ತದೆ, ಹಣ ಬ್ಯಾಂಕಿಗೆ ಹೋಗುತ್ತದೆ. ಅನುಕೂಲವೇನೋ ಹೌದು. ಆದರೆ ಲೆಕ್ಕ ಯಂತ್ರದಲ್ಲಿದೆ ಎಂದು ನಾವು ಕೈಬಿಟ್ಟರೆ, ವ್ಯತ್ಯಾಸ ಬಂದ ದಿನ ತೋರಿಸಲು ನಮ್ಮಲ್ಲಿ ಏನೂ ಇರುವುದಿಲ್ಲ. ಅದಕ್ಕೆ ಈ ಕೆಲವು ಕೆಲಸ ಮಾಡಿಕೊಳ್ಳಿ.

ಚೀಟಿ: ಯಂತ್ರದ ಚೀಟಿಯಲ್ಲಿ ಸಾಮಾನ್ಯವಾಗಿ ಶಾಯಿ ಇರುವುದಿಲ್ಲ, ಶಾಖದಿಂದ ಅಕ್ಷರ ಮೂಡಿರುತ್ತದೆ. ಒಲೆಯ ಹತ್ತಿರವೋ ಬಿಸಿಲಿನಲ್ಲೋ ಇಟ್ಟರೆ ಚೀಟಿ ಕಪ್ಪಾಗುತ್ತದೆ, ಇಲ್ಲವೇ ಅಕ್ಷರ ಮಾಸಿಹೋಗುತ್ತದೆ. ಆದ್ದರಿಂದ ದಿನಾಂಕ, ಲೀಟರ್, ಫ್ಯಾಟ್, ಮೊತ್ತ ಇಷ್ಟನ್ನು ಅಂದೇ ಒಂದು ನೋಟ್‌ಬುಕ್‌ನಲ್ಲಿ ಬಾಲ್‌ಪೆನ್ನಿನಿಂದ ಬರೆಯಿರಿ. ಬರೆಯಲು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ.

ಬಟವಾಡೆ: ಪ್ರತಿ ಬಟವಾಡೆಯಲ್ಲೂ ನೋಟ್‌ಬುಕ್ಕಿನ ಮೊತ್ತವನ್ನು ಬ್ಯಾಂಕಿಗೆ ಬಂದ ಹಣದೊಂದಿಗೆ ತಾಳೆ ನೋಡಿ. ಮೇವು, ಸಾಲದ ಕಡಿತ ಇದ್ದರೆ ಅದನ್ನೂ ಬರೆದುಕೊಳ್ಳಿ. ವ್ಯತ್ಯಾಸ ಕಂಡರೆ ಆ ವಾರವೇ ಕೇಳಿ.

ಮೊಬೈಲ್ ನಂಬರ್: ಹಳೆಯ ಸಿಮ್ ನಿಲ್ಲಿಸುವ ಮೊದಲು ಹೊಸ ನಂಬರನ್ನು ಬ್ಯಾಂಕಿಗೆ, ಆಧಾರ್‌ಗೆ, ಸಂಘಕ್ಕೆ ಕೊಡಿ. ಬಿಟ್ಟ ನಂಬರ್ ಕೆಲವು ಕಾಲದ ಮೇಲೆ ಬೇರೆಯವರಿಗೆ ಸಿಗಬಹುದು. ಒಟಿಪಿ ಅವರಿಗೆ ಹೋಗುತ್ತದೆ.

ಕಿವಿಯೋಲೆ: ಹಸುವಿನ ಕಿವಿಯೋಲೆಯ 12 ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಓಲೆ ಕಾಣುವಂತೆ ಹಸುವಿನ ಫೋಟೊ ತೆಗೆದುಕೊಳ್ಳಿ. ಓಲೆ ಬಿದ್ದುಹೋದರೆ ತಡಮಾಡದೆ ಪಶುವೈದ್ಯರಿಗೂ ವಿಮೆಯವರಿಗೂ ತಿಳಿಸಿ. ಹಸು ಸತ್ತಾಗ ಓಲೆ ಇಲ್ಲದಿದ್ದರೆ ವಿಮೆ ಹಣ ಸಿಗುವುದು ಕಷ್ಟ.

ಮೂಲ ಪತ್ರಗಳು: ಷೇರು ಪತ್ರ, ವಿಮೆ ಪಾಲಿಸಿ, ಬ್ಯಾಂಕ್ ಪಾಸ್‌ಬುಕ್ ಇವುಗಳ ಫೋಟೊ ಮೊಬೈಲಿನಲ್ಲಿದೆ ಎಂದು ಮೂಲವನ್ನು ಬಿಸಾಡಬೇಡಿ. ಹಾಗೆಯೇ ಮೂಲ ಪೆಟ್ಟಿಗೆಯಲ್ಲಿದೆ ಎಂದು ಫೋಟೊ ತೆಗೆಯದೆ ಇರಬೇಡಿ. ಫೋನ್ ನೀರಿಗೆ ಬಿದ್ದರೂ ಸಿಗುವಂತೆ, ನಂಬಿಕೆಯ ಮನೆಯವರೊಬ್ಬರ ಫೋನಿನಲ್ಲೂ ಒಂದು ಪ್ರತಿ ಇರಲಿ.

ಒಂದು ಮಾತು ಮರೆಯಬೇಡಿ. ಹಾಲು ಕರೆಯುವವರು ನೀವು, ಆದರೆ ಸದಸ್ಯತ್ವ, ಖಾತೆ, ವಿಮೆ ಯಾರ ಹೆಸರಿನಲ್ಲಿವೆ? ಸಂಘದಲ್ಲಿ ಮತ ಹಾಕುವ ಹಕ್ಕು ಸದಸ್ಯರಿಗೆ ಮಾತ್ರ. ಮುಂದಿನ ಬಾರಿ ಡೇರಿಗೆ ಹಾಲು ಕೊಡಲು ಹೋದಾಗ ಸದಸ್ಯರ ಪುಸ್ತಕದಲ್ಲಿ ನಿಮ್ಮ ಹೆಸರು ಇದೆಯೇ, ಕಂಪ್ಯೂಟರಿನಲ್ಲಿ ಸರಿಯಾಗಿ ಏರಿದೆಯೇ ಎಂದು ಕೇಳಿ ನೋಡಿಕೊಂಡು ಬನ್ನಿ.