ಗಾಲ್ಫ್ ತಂಡದ ಆಟವಾದಾಗ: ಮೂರು ಅಡಿಯ ಪಟ್ ಯಾರ ಸ್ವತ್ತು?

ಬೆಂಗಳೂರು: ಗಾಲ್ಫ್ ಮೂಲತಃ ಒಂಟಿ ಆಟ. ಗೆದ್ದರೆ ಕೀರ್ತಿಯೂ ಹಣವೂ ಒಬ್ಬನದೇ; ಸೋತರೆ ನಷ್ಟವೂ ಅವನೊಬ್ಬನದೇ. ಒಬ್ಬ ಕೈಚೆಲ್ಲಿದ ಕ್ಯಾಚಿಗೆ ಉಳಿದ ಹತ್ತು ಮಂದಿಯೂ ತಲೆ ತಗ್ಗಿಸಬೇಕಾದ ಪ್ರಸಂಗ ಇಲ್ಲಿಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ಇದೇ ಆಟಗಾರರು ಒಂದೇ ಬಣ್ಣದ ಅಂಗಿ ತೊಟ್ಟು, ಹನ್ನೆರಡು ಮಂದಿಯ ತಂಡವಾಗಿ ಅಂಗಳಕ್ಕಿಳಿಯುತ್ತಾರೆ. ಆಗ ಕೋಟ್ಯಂತರ ರೂಪಾಯಿ ಬಹುಮಾನದ ಟೂರ್ನಿಗಳಲ್ಲಿ ಅಳುಕದ ಕೈಗಳು ಮೂರು ಅಡಿ ದೂರದ ಕುಳಿಗೆ ಚೆಂಡು ತಳ್ಳಲು ನಡುಗುವುದನ್ನು ಜಗತ್ತು ನೋಡುತ್ತದೆ. ರೈಡರ್ ಕಪ್, ಪ್ರೆಸಿಡೆಂಟ್ಸ್ ಕಪ್, ಸೋಲ್ಹೈಮ್ ಕಪ್, ವಾಕರ್ ಕಪ್, ಕರ್ಟಿಸ್ ಕಪ್ ಎಂಬ ಹೆಸರುಗಳಿಂದ ನಡೆಯುವ ಈ ತಂಡ ಸ್ಪರ್ಧೆಗಳ ಸ್ವಾರಸ್ಯ ಅಡಗಿರುವುದೇ ಆ ಸಣ್ಣ ಹೊಡೆತದಲ್ಲಿ.

ಅದನ್ನು ಅರಿಯಲು ನಿಯಮದ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಾಮಾನ್ಯ ಟೂರ್ನಿಗಳಲ್ಲಿ ನಾಲ್ಕು ದಿನ, 72 ಹೋಲ್‌ಗಳಲ್ಲಿ ಒಟ್ಟು ಎಷ್ಟು ಹೊಡೆತ ಎಂಬುದೇ ಲೆಕ್ಕ. ಇದು ‘ಸ್ಟ್ರೋಕ್ ಪ್ಲೇ’. ಇಲ್ಲಿ ಚೆಂಡು ಕುಳಿಯಿಂದ ಒಂದು ಗೇಣು ದೂರದಲ್ಲಿದ್ದರೂ ಅದನ್ನು ಒಳಗೆ ತಳ್ಳಲೇಬೇಕು. ‘ಮ್ಯಾಚ್ ಪ್ಲೇ’ ಹಾಗಲ್ಲ. ಎದುರಾಳಿಗಳು ಒಂದೊಂದು ಹೋಲ್‌ಗೂ ಪ್ರತ್ಯೇಕವಾಗಿ ಸೆಣಸುತ್ತಾರೆ. ಹೆಚ್ಚು ಹೋಲ್ ಗೆದ್ದವರಿಗೆ ಪಂದ್ಯ. ಎದುರಾಳಿಯ ಚೆಂಡು ಕುಳಿಯ ಸಮೀಪದಲ್ಲಿದ್ದರೆ ‘ಅದು ಒಳಹೋದಂತೆಯೇ, ಎತ್ತಿಕೋ’ ಎಂದು ಬಿಟ್ಟುಕೊಡುವ ಅವಕಾಶವೂ ಇಲ್ಲಿದೆ. ಹೀಗೆ ಬಿಟ್ಟುಕೊಟ್ಟದ್ದನ್ನು ಹಿಂಪಡೆಯುವಂತಿಲ್ಲ, ಪಡೆದವನು ನಿರಾಕರಿಸುವಂತೆಯೂ ಇಲ್ಲ. ಆದರೆ ಎಷ್ಟು ದೂರದ ಪಟ್ ಬಿಟ್ಟುಕೊಡಬೇಕು ಎಂಬುದನ್ನು ಯಾವ ನಿಯಮಪುಸ್ತಕವೂ ಹೇಳುವುದಿಲ್ಲ. ಅದು ಎದುರಾಳಿಯ ಮರ್ಜಿ. ಔದಾರ್ಯ ಮತ್ತು ಕುಯುಕ್ತಿ ಎರಡಕ್ಕೂ ಇಷ್ಟು ಜಾಗ ಬಿಟ್ಟಿರುವ ನಿಯಮ ಕ್ರೀಡಾಲೋಕದಲ್ಲಿ ಅಪರೂಪ.

ಬೀಜದ ಪೊಟ್ಟಣದಿಂದ ಚಿನ್ನದ ಕಪ್‌ಗೆ

ರೈಡರ್ ಕಪ್‌ಗೆ ಹೆಸರು ಬಂದದ್ದು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಪಟ್ಟಣದ ಬೀಜ ವ್ಯಾಪಾರಿ ಸ್ಯಾಮ್ಯುಯೆಲ್ ರೈಡರ್‌ನಿಂದ. ತೋಟಗಾರಿಕೆಯ ಬೀಜಗಳನ್ನು ಒಂದು ಪೆನ್ನಿಗೊಂದು ಪೊಟ್ಟಣದಂತೆ ಮಾರಿ ಸಿರಿವಂತನಾದ ಆತ, ಗಾಲ್ಫ್ ಹುಚ್ಚು ಹತ್ತಿಸಿಕೊಂಡದ್ದು ನಡುವಯಸ್ಸು ದಾಟಿದ ಮೇಲೆ. 1927ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನ ವೂಸ್ಟರ್‌ನಲ್ಲಿ ಮೊದಲ ಅಧಿಕೃತ ಪಂದ್ಯ ನಡೆದು, ಆತಿಥೇಯ ಅಮೆರಿಕ ಬ್ರಿಟನ್ನನ್ನು 9½-2½ ಅಂಕಗಳಿಂದ ಮಣಿಸಿತು. ಬಂಗಾರದ ಆ ಪುಟ್ಟ ಕಪ್‌ನ ಮುಚ್ಚಳದ ಮೇಲೆ ನಿಂತಿರುವ ಆಕೃತಿ ರೈಡರ್‌ಗೆ ಆಟ ಕಲಿಸಿದ ಏಬ್ ಮಿಚೆಲ್‌ನದು. ಗೆದ್ದವರಿಗೆ ಬಹುಮಾನದ ಹಣವಿಲ್ಲ ಎಂಬ ಪದ್ಧತಿ ಅಂದಿನಿಂದಲೂ ನಡೆದುಬಂದಿದೆ.

ಮುಂದಿನ ಐವತ್ತು ವರ್ಷಗಳ ಇತಿಹಾಸ ಬಹುತೇಕ ಏಕಪಕ್ಷೀಯ. ಬ್ರಿಟನ್ ಗೆದ್ದದ್ದು 1929, 1933 ಮತ್ತು 1957ರಲ್ಲಿ ಮಾತ್ರ. ಈ ಸೋಲಿನ ಸರಮಾಲೆಯ ನಡುವೆಯೇ 1969ರಲ್ಲಿ ರಾಯಲ್ ಬರ್ಕ್‌ಡೇಲ್ ಅಂಗಳದಲ್ಲಿ ಇಂದಿಗೂ ಜನ ನೆನೆಯುವ ಘಟನೆ ನಡೆಯಿತು.

ಕೊನೆಯ ಪಂದ್ಯದ ಕೊನೆಯ ಹೋಲ್. ಎರಡೂ ತಂಡಗಳ ಅಂಕ ಸಮ. ಅಮೆರಿಕದ ಜಾಕ್ ನಿಕ್ಲಾಸ್ ಮತ್ತು ಬ್ರಿಟನ್ನಿನ ಟೋನಿ ಜ್ಯಾಕ್ಲಿನ್ ಕೂಡ ಸಮಸಮ. ನಿಕ್ಲಾಸ್ ತಮ್ಮ ಪಟ್ ಒಳಗೆ ಹಾಕಿ ಮುಗಿಸಿದರು. ಜ್ಯಾಕ್ಲಿನ್‌ಗೆ ಉಳಿದದ್ದು ಎರಡು-ಮೂರು ಅಡಿ. ತಪ್ಪಿದರೆ ಬ್ರಿಟನ್ನಿಗೆ ಸೋಲು. ಅದೇ ಜುಲೈನಲ್ಲಿ ಬ್ರಿಟಿಷ್ ಓಪನ್ ಗೆದ್ದು ರಾಷ್ಟ್ರನಾಯಕನಂತಾಗಿದ್ದ ಜ್ಯಾಕ್ಲಿನ್ ಆ ಒಂದು ಹೊಡೆತದಿಂದ ಜೀವಮಾನವಿಡೀ ಮಾತು ಕೇಳಬೇಕಾಗುತ್ತಿತ್ತು. ನಿಕ್ಲಾಸ್ ಬಾಗಿ ಜ್ಯಾಕ್ಲಿನ್‌ನ ಗುರುತುಬಿಲ್ಲೆಯನ್ನು ಎತ್ತಿಕೊಟ್ಟರು. ಪಂದ್ಯ ಸಮವಾಯಿತು, ಸ್ಪರ್ಧೆ 16-16ರಲ್ಲಿ ಮುಗಿಯಿತು. ರೈಡರ್ ಕಪ್ ಇತಿಹಾಸದಲ್ಲಿ ಅದೇ ಮೊದಲ ಸಮಬಲ.

ಅಮೆರಿಕದ ನಾಯಕ ಸ್ಯಾಮ್ ಸ್ನೀಡ್‌ಗೆ ಇದು ಕಿಂಚಿತ್ತೂ ಹಿಡಿಸಲಿಲ್ಲ. ಹಿಂದಿನ ಬಾರಿ ಗೆದ್ದವರಾದ್ದರಿಂದ ಸಮಬಲವಾದರೂ ಕಪ್ ಅಮೆರಿಕದಲ್ಲೇ ಉಳಿಯಿತೆಂಬುದು ನಿಜ. ನಿಕ್ಲಾಸ್ ಕಳೆದುಕೊಂಡದ್ದು ಕಪ್ಪನ್ನಲ್ಲ, ಗೆಲುವಿನ ಸಾಧ್ಯತೆಯನ್ನು. ಆದರೂ ಸ್ನೀಡ್‌ರ ಸಿಟ್ಟನ್ನು ಸುಲಭವಾಗಿ ತಳ್ಳಿಹಾಕಲಾಗದು. ಆ ಮೂರು ಅಡಿ ನಿಕ್ಲಾಸ್ ಒಬ್ಬರ ಸ್ವತ್ತಾಗಿರಲಿಲ್ಲ, ತಂಡದ ಸ್ವತ್ತಾಗಿತ್ತು. ಅದನ್ನು ದಾನ ಮಾಡುವ ಹಕ್ಕು ಅವರಿಗಿತ್ತೇ? ಪ್ರಶ್ನೆ ಇನ್ನೂ ಹಳಸಿಲ್ಲ. ಅಂದಹಾಗೆ, ನಿಕ್ಲಾಸ್ ಮತ್ತು ಜ್ಯಾಕ್ಲಿನ್ ಮುಂದೆ ಜೊತೆಗೂಡಿ ಫ್ಲಾರಿಡಾದಲ್ಲಿ ಗಾಲ್ಫ್ ಅಂಗಳವೊಂದನ್ನು ವಿನ್ಯಾಸಗೊಳಿಸಿದರು. ಅದಕ್ಕಿಟ್ಟ ಹೆಸರು ‘ದಿ ಕನ್ಸೆಷನ್’, ಅಂದರೆ ಬಿಟ್ಟುಕೊಡುವಿಕೆ.

ಅಮೆರಿಕದ ಸತತ ಗೆಲುವಿನಿಂದ ಸ್ಪರ್ಧೆ ಸಪ್ಪೆಯಾಗುತ್ತಿದ್ದುದನ್ನು ಕಂಡು, ಎದುರಾಳಿ ತಂಡಕ್ಕೆ ಯೂರೋಪಿನ ಇತರ ದೇಶಗಳ ಆಟಗಾರರನ್ನೂ ಸೇರಿಸಿಕೊಳ್ಳಿ ಎಂದು 1977ರಲ್ಲಿ ಒತ್ತಾಯಿಸಿದವರೂ ನಿಕ್ಲಾಸ್ ಅವರೇ. 1979ರಲ್ಲಿ ಸ್ಪೇನಿನ ಸೆವೆ ಬ್ಯಾಲೆಸ್ಟರೋಸ್ ಮತ್ತು ಆಂಟೋನಿಯೊ ಗರಿಡೊ ತಂಡ ಸೇರಿದರು. 1985ರಲ್ಲಿ ಯೂರೋಪ್ ಗೆದ್ದಿತು. 1987ರಲ್ಲಿ ಅಮೆರಿಕದ ನೆಲದಲ್ಲೇ, ನಿಕ್ಲಾಸ್ ನಿರ್ಮಿಸಿದ ಮ್ಯೂರ್‌ಫೀಲ್ಡ್ ವಿಲೇಜ್ ಅಂಗಳದಲ್ಲೇ ಅವರ ನಾಯಕತ್ವದ ತಂಡವನ್ನೇ ಸೋಲಿಸಿತು. ಯೂರೋಪಿನ ನಾಯಕ ಟೋನಿ ಜ್ಯಾಕ್ಲಿನ್!

ಆಟದ ಚೌಕಟ್ಟು

ಈಗಿನ ರೈಡರ್ ಕಪ್ ಮೂರು ದಿನಗಳ ಆಟ. ಒಟ್ಟು 28 ಪಂದ್ಯ, 28 ಅಂಕ. ಮೊದಲೆರಡು ದಿನ ಜೋಡಿ ಪಂದ್ಯಗಳು. ‘ಫೋರ್‌ಸಮ್ಸ್’ನಲ್ಲಿ ಜೋಡಿಗೆ ಒಂದೇ ಚೆಂಡು, ಇಬ್ಬರೂ ಸರದಿಯಂತೆ ಹೊಡೆಯಬೇಕು. ಒಬ್ಬ ಪೊದೆಗಟ್ಟಿದ ಚೆಂಡನ್ನು ಹೊರತರುವ ಸಂಕಟ ಇನ್ನೊಬ್ಬನದು. ‘ಫೋರ್‌ಬಾಲ್’ನಲ್ಲಿ ನಾಲ್ವರಿಗೂ ನಾಲ್ಕು ಚೆಂಡು, ಜೋಡಿಯಲ್ಲಿ ಯಾರು ಚೆನ್ನಾಗಿ ಆಡಿದರೋ ಅವರ ಲೆಕ್ಕವೇ ಗಣನೆಗೆ. ಕೊನೆಯ ದಿನ ಹನ್ನೆರಡು ಸಿಂಗಲ್ಸ್. ಕಪ್ ಗೆಲ್ಲಲು 14½ ಅಂಕ ಬೇಕು. ಈಗಾಗಲೇ ಕಪ್ ಉಳ್ಳವರಿಗೆ 14 ಸಾಕು.

ಗಾಯಗೊಂಡು ಆಡಲಾಗದವರಿಗೂ ಒಂದು ವಿಚಿತ್ರ ನಿಯಮವಿದೆ. ಸಿಂಗಲ್ಸ್‌ಗೆ ಮುನ್ನ ನಾಯಕರಿಬ್ಬರೂ ತಮ್ಮ ತಂಡದ ಒಬ್ಬನ ಹೆಸರು ಬರೆದು ಲಕೋಟೆಯಲ್ಲಿ ಮುಚ್ಚಿಡಬೇಕು. ಎದುರಾಳಿ ತಂಡದಲ್ಲಿ ಯಾರಾದರೂ ಗಾಯಗೊಂಡರೆ ಲಕೋಟೆಯಲ್ಲಿರುವವನೂ ಹೊರಗುಳಿಯುತ್ತಾನೆ, ತಲಾ ಅರ್ಧ ಅಂಕ. 1993ರಲ್ಲಿ ಯೂರೋಪಿನ ಸ್ಯಾಮ್ ಟಾರೆನ್ಸ್ ಗಾಯಗೊಂಡಾಗ, ಬೇರೆಯವರಿಗೆ ನೋವಾಗುವುದು ಬೇಡವೆಂದು ತನ್ನ ಹೆಸರನ್ನೇ ಬರೆಯುವಂತೆ ನಾಯಕ ಟಾಮ್ ವಾಟ್ಸನ್‌ರನ್ನು ಕೇಳಿಕೊಂಡವರು ಅಮೆರಿಕದ ಲ್ಯಾನಿ ವಾಡ್ಕಿನ್ಸ್. 2025ರಲ್ಲಿ ವಿಕ್ಟರ್ ಹೊವ್ಲಾಂಡ್ ಕುತ್ತಿಗೆ ನೋವಿನಿಂದ ಹಿಂದೆ ಸರಿದಾಗ ಲಕೋಟೆ ಮತ್ತೆ ತೆರೆಯಿತು. ಹ್ಯಾರಿಸ್ ಇಂಗ್ಲಿಷ್ ಆಡದೆಯೇ ಅರ್ಧ ಅಂಕ ಪಡೆದರು.

2015: ಎರಡು ಪಟ್‌ಗಳ ಕಥೆ

ಬಿಟ್ಟುಕೊಡುವ ಸಂಪ್ರದಾಯ ತಿರುಗುಬಾಣವಾದದ್ದು 2015ರ ಸೆಪ್ಟೆಂಬರಿನಲ್ಲಿ. ಅಮೆರಿಕ ಮತ್ತು ಯೂರೋಪಿನ ವೃತ್ತಿಪರ ಮಹಿಳೆಯರ ನಡುವಿನ ಸೋಲ್ಹೈಮ್ ಕಪ್ ಜರ್ಮನಿಯಲ್ಲಿ ನಡೆದಿತ್ತು. ಹದಿನೇಳನೇ ಹೋಲ್‌ನಲ್ಲಿ ಅಮೆರಿಕದ ಯುವ ಆಟಗಾರ್ತಿ ಆಲಿಸನ್ ಲೀ ಅವರ ಚೆಂಡು ಕುಳಿ ದಾಟಿ ಒಂದೂವರೆ ಅಡಿ ದೂರ ನಿಂತಿತು. ಎದುರಾಳಿಗಳು ಬಿಟ್ಟುಕೊಟ್ಟರೆಂದು ಭಾವಿಸಿ ಆಕೆ ಚೆಂಡನ್ನು ಎತ್ತಿಕೊಂಡರು. ‘ನಾವು ಬಿಟ್ಟುಕೊಟ್ಟಿರಲಿಲ್ಲ’ ಎಂದರು ನಾರ್ವೆಯ ಸುಝಾನ್ ಪೆಟ್ಟರ್ಸನ್. ನಿಯಮದ ಪ್ರಕಾರ ಅವರ ಮಾತು ಸರಿ. ಆ ಹೋಲ್ ಯೂರೋಪಿನ ಪಾಲಾಯಿತು, ಪಂದ್ಯವೂ ಕೈಸೇರಿತು, ಮುನ್ನಡೆ 10-6ಕ್ಕೇರಿತು. ಆದರೆ ಕೆರಳಿದ ಅಮೆರಿಕನ್ನರು ಸಿಂಗಲ್ಸ್‌ನಲ್ಲಿ ತಿರುಗಿಬಿದ್ದು 14½-13½ರಿಂದ ಕಪ್ಪನ್ನೇ ಕಸಿದುಕೊಂಡರು. ಪೆಟ್ಟರ್ಸನ್ ಮರುದಿನ ಬಹಿರಂಗವಾಗಿ ಕ್ಷಮೆ ಕೋರಿದರು. ನಾಲ್ಕು ವರ್ಷಗಳ ನಂತರ, 2019ರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಯೂರೋಪಿಗೆ ಕಪ್ ತಂದುಕೊಟ್ಟ ಕೊನೆಯ ಪಟ್ ಒಳಹಾಕಿದವರು ಅದೇ ಪೆಟ್ಟರ್ಸನ್. ತಾಯಿಯಾಗಿ ವಿರಾಮ ಪಡೆದು ಮರಳಿದ್ದ ಅವರು ಅಂದೇ ನಿವೃತ್ತಿ ಘೋಷಿಸಿದರು.

ಜರ್ಮನಿಯ ಘಟನೆಯಾಗಿ ಮೂರು ವಾರ ಕಳೆಯುವಷ್ಟರಲ್ಲಿ ಬೆಂಗಳೂರಿನ ಗಾಲ್ಫಿಗ ಅನಿರ್ಬನ್ ಲಾಹಿರಿಯ ಸರದಿ. ಪ್ರೆಸಿಡೆಂಟ್ಸ್ ಕಪ್ 1994ರಲ್ಲಿ ಆರಂಭವಾದ ಸ್ಪರ್ಧೆ. ಅಮೆರಿಕದ ಎದುರು ಯೂರೋಪೇತರ ದೇಶಗಳ ‘ಅಂತರರಾಷ್ಟ್ರೀಯ ತಂಡ’. ಅದರಲ್ಲಿ ಆಡಿದ ಮೊದಲ ಭಾರತೀಯ ಲಾಹಿರಿ. ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಅಂತಿಮ ದಿನ ಕ್ರಿಸ್ ಕರ್ಕ್ ವಿರುದ್ಧ ಕೊನೆಯ ಹೋಲ್‌ಗೆ ಬಂದಾಗ ಇಬ್ಬರೂ ಸಮ. ಲಾಹಿರಿಯ ಚೆಂಡು ಕುಳಿಯಿಂದ ಸುಮಾರು ನಾಲ್ಕು ಅಡಿ. ಕರ್ಕ್‌ನದು ಹದಿನೈದು ಅಡಿ. ಕರ್ಕ್ ಅಷ್ಟು ದೂರದಿಂದ ಒಳಹಾಕಿದರು. ಲಾಹಿರಿಯ ನಾಲ್ಕು ಅಡಿ ತಪ್ಪಿತು. ಅಮೆರಿಕ ಗೆದ್ದದ್ದು 15½-14½ರಿಂದ. ಆ ಅರ್ಧ ಅಂಕ ಸಿಕ್ಕಿದ್ದರೆ ಲೆಕ್ಕ 15-15 ಆಗುತ್ತಿತ್ತು ಎಂಬುದು ಬರೀ ಗಣಿತ. ಅಂದು ಲಾಹಿರಿ ಒಬ್ಬರೇ ಸೋತದ್ದಲ್ಲ, ಅವರ ನಂತರದ ಪಂದ್ಯದಲ್ಲಿ ಆತಿಥೇಯ ದೇಶದ ಬೇ ಸಾಂಗ್‌ಮೂನ್ ಕೂಡ ಕೊನೆಯ ಹೋಲ್‌ನಲ್ಲಿ ಎಡವಿದರು. ಆದರೂ ಭಾರತದ ಪತ್ರಿಕೆಗಳಲ್ಲಿ ಮರುದಿನ ಅಚ್ಚಾದದ್ದು ಆ ನಾಲ್ಕು ಅಡಿಯ ಸುದ್ದಿ. ವಿಪರ್ಯಾಸವೆಂದರೆ ಆ ಅಂಗಳದ ಹೆಸರು ಜಾಕ್ ನಿಕ್ಲಾಸ್ ಗಾಲ್ಫ್ ಕ್ಲಬ್. ನಾಲ್ಕು ಅಡಿಯ ಪಟ್ಟನ್ನು ಆ ಹೊತ್ತಿನಲ್ಲಿ ಕರ್ಕ್ ಬಿಟ್ಟುಕೊಡಬೇಕಿತ್ತೆಂದು ಯಾರೂ ನಿರೀಕ್ಷಿಸಲಾರರು ಬಿಡಿ.

ಎರಡು ವರ್ಷಗಳ ಬಳಿಕ, 2017ರಲ್ಲಿ ಲಾಹಿರಿ ಮತ್ತು ಕೊರಿಯಾದ ಕಿಮ್ ಸಿ-ವೂ ಜೋಡಿ ಶನಿವಾರವೇ ಅಮೆರಿಕದ ವಿಜಯೋತ್ಸವ ನಡೆಯದಂತೆ ತಡೆಯಿತು. ಆ ಸ್ಪರ್ಧೆಯಲ್ಲಿ ಅಂತರರಾಷ್ಟ್ರೀಯ ತಂಡ ಸೋತದ್ದು 19-11ರಿಂದ. ಮಾನ ಉಳಿಸಿದ ಕೆಲವೇ ಗೆಲುವುಗಳಲ್ಲಿ ಇದೊಂದು. 2022ರಲ್ಲಿ ಲಾಹಿರಿ ಸೌದಿ ಹಣದ ಲಿವ್ ಗಾಲ್ಫ್ ಸೇರಿದ ಮೇಲೆ, ಪಿಜಿಎ ಟೂರ್ ನಡೆಸುವ ಪ್ರೆಸಿಡೆಂಟ್ಸ್ ಕಪ್‌ನ 2022 ಮತ್ತು 2024ರ ಆವೃತ್ತಿಗಳ ಬಾಗಿಲು ಅವರಿಗೆ ಮುಚ್ಚಿತ್ತು. ಸ್ವಾರಸ್ಯವೆಂದರೆ ಲಿವ್ ಕೂಡ ತಂಡದ ಆಟವೆಂದೇ ಹೇಳಿಕೊಳ್ಳುತ್ತದೆ. ಲಾಹಿರಿಯ ‘ಕ್ರಷರ್ಸ್’ ತಂಡ 2023ರಲ್ಲಿ ತಂಡ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಅಲ್ಲಿ ಸೋಲಿಗೂ ಗೆಲುವಿಗೂ ಬೆಲೆಚೀಟಿ ಇದೆ. ಇಂಚಿಯಾನ್‌ನ ನಾಲ್ಕು ಅಡಿಗೆ ಇರಲಿಲ್ಲ.

ಹವ್ಯಾಸಿಗಳ ದಾರಿ

ಹವ್ಯಾಸಿ ಗಾಲ್ಫಿಗರ ವಾಕರ್ ಕಪ್ ರೈಡರ್ ಕಪ್‌ಗಿಂತ ಹಿರಿಯದು. 1922ರಲ್ಲಿ ಆರಂಭವಾದ ಅದಕ್ಕೆ ಹೆಸರು ನೀಡಿದ ಜಾರ್ಜ್ ಹರ್ಬರ್ಟ್ ವಾಕರ್, ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್‌ಗೆ ತಾಯಿಯ ತಂದೆ. ಮೊದಲ ವಾಕರ್ ಕಪ್ ವರದಿ ಮಾಡಲು ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಕಳುಹಿಸಿದ್ದ ಬರ್ನಾರ್ಡ್ ಡಾರ್ವಿನ್, ಬ್ರಿಟನ್ ನಾಯಕ ಅಸ್ವಸ್ಥನಾದಾಗ ಲೇಖನಿ ಕೆಳಗಿಟ್ಟು ತಾನೇ ಆಡಿ ಸಿಂಗಲ್ಸ್ ಗೆದ್ದರು. ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ನ ಮೊಮ್ಮಗ ಈತ. ವರದಿಗಾರರಿಗೆ ಇಂಥ ಭಾಗ್ಯ ಮತ್ತೆ ಒದಗಿದಂತಿಲ್ಲ. ಮಹಿಳಾ ಹವ್ಯಾಸಿಗಳ ಕರ್ಟಿಸ್ ಕಪ್ 1932ರಲ್ಲಿ ಶುರುವಾಯಿತು. ಬಾಸ್ಟನ್ನಿನ ಕರ್ಟಿಸ್ ಸೋದರಿಯರ ಕೊಡುಗೆ ಅದು.

ಈ ಕಪ್‌ಗಳೆಲ್ಲ ಎರಡು ಬಣಗಳ ಖಾಸಗಿ ಜಗಳ. ಉಳಿದ ಜಗತ್ತಿಗೂ ಪ್ರವೇಶವಿರುವುದು ಐಸೆನ್‌ಹೋವರ್ ಟ್ರೋಫಿಯಂಥ ವಿಶ್ವ ಹವ್ಯಾಸಿ ತಂಡ ಚಾಂಪಿಯನ್‌ಷಿಪ್‌ಗೆ. 1958ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ ಬಾಬಿ ಜೋನ್ಸ್ ನಾಯಕತ್ವದ ಅಮೆರಿಕವನ್ನು ಆಸ್ಟ್ರೇಲಿಯಾ ಪ್ಲೇಆಫ್‌ನಲ್ಲಿ ಮಣಿಸಿತು. ಮಹಿಳೆಯರ ಎಸ್ಪಿರಿಟೊ ಸ್ಯಾಂಟೊ ಟ್ರೋಫಿ 1964ರಿಂದ ನಡೆಯುತ್ತಿದೆ. ಇಲ್ಲಿ ಮ್ಯಾಚ್ ಪ್ಲೇ ಇಲ್ಲ, ಬಿಟ್ಟುಕೊಡುವಿಕೆಯೂ ಇಲ್ಲ. ಮೂವರ ತಂಡದಲ್ಲಿ ಪ್ರತಿದಿನ ಉತ್ತಮ ಎರಡು ಸ್ಕೋರುಗಳಷ್ಟೇ ಲೆಕ್ಕಕ್ಕೆ. ಅಂದರೆ ಒಬ್ಬರ ಕೆಟ್ಟ ದಿನವನ್ನು ಎದುರಾಳಿಯ ಔದಾರ್ಯದ ಬದಲು ನಿಯಮವೇ ಮನ್ನಿಸುತ್ತದೆ.

ಏಷ್ಯನ್ ಕ್ರೀಡಾಕೂಟದ ತಂಡ ಸ್ಪರ್ಧೆಯೂ ಇದೇ ಜಾಡಿನದು. 1982ರ ದೆಹಲಿ ಕೂಟದಲ್ಲಿ ಗಾಲ್ಫ್ ಮೊದಲ ಬಾರಿ ಸೇರಿದಾಗ ತಂಡ ಚಿನ್ನ ಭಾರತದ್ದು, ವೈಯಕ್ತಿಕ ಚಿನ್ನ ಲಕ್ಷ್ಮಣ್ ಸಿಂಗ್ ಅವರದು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಮಹಿಳಾ ತಂಡದ ಮೂವರೂ ಕರ್ನಾಟಕದವರೇ: ಬೆಂಗಳೂರಿನ ಅದಿತಿ ಅಶೋಕ್ ಮತ್ತು ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್. ಅದಿತಿಗೆ ದೊರೆತ ವೈಯಕ್ತಿಕ ಬೆಳ್ಳಿ, ಈ ಕೂಟದ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಗೆ ಸಿಕ್ಕ ಮೊದಲ ಪದಕ.

ಗದ್ದಲ ಮತ್ತು ಹಣ

ದೇಶಾಭಿಮಾನ ಕಾವೇರಿದಂತೆ ಅಂಗಳದ ಶಿಷ್ಟಾಚಾರ ಸವೆದದ್ದೂ ಉಂಟು. 1999ರಲ್ಲಿ ಬ್ರೂಕ್ಲೈನ್‌ನಲ್ಲಿ ಜಸ್ಟಿನ್ ಲೆನಾರ್ಡ್ 45 ಅಡಿಯ ಪಟ್ ಹಾಕಿದಾಗ ಅಮೆರಿಕದ ಆಟಗಾರರು, ಎದುರಾಳಿ ಹೊಸೆ ಮರಿಯಾ ಒಲಾಝಬಲ್‌ಗೆ ಇನ್ನೂ ಪಟ್ ಬಾಕಿಯಿರುವಾಗಲೇ ಗ್ರೀನ್‌ಗೆ ನುಗ್ಗಿ ಕುಣಿದಾಡಿದರು. ಪ್ರೇಕ್ಷಕರ ಬೈಗುಳ ತಾಳಲಾರದೆ ಕಾಲಿನ್ ಮಾಂಟ್‌ಗೊಮೆರಿಯ ತಂದೆ ಅಂಗಳ ಬಿಟ್ಟು ಹೋದರು. ಕಪ್ ಅಮೆರಿಕದ್ದಾದ ಮೇಲೆ, ಮಾಂಟ್‌ಗೊಮೆರಿಗೆ ಕೊನೆಯ ಹೋಲನ್ನೂ ಪಂದ್ಯವನ್ನೂ ಬಿಟ್ಟುಕೊಟ್ಟವರು ಪೇನ್ ಸ್ಟುವರ್ಟ್. ಒಂದು ತಿಂಗಳಲ್ಲೇ ಅವರು ವಿಮಾನ ದುರಂತದಲ್ಲಿ ತೀರಿಕೊಂಡರು.

2025ರಲ್ಲಿ ನ್ಯೂಯಾರ್ಕ್‌ನ ಬೆತ್‌ಪೇಜ್‌ನಲ್ಲೂ ರೋರಿ ಮೆಕಿಲ್‌ರಾಯ್ ಅದೇ ಬಗೆಯ ಬೈಗುಳ ಕೇಳಬೇಕಾಯಿತು. ಆ ಬಾರಿ ಹಣದ ಮಾತೂ ಸೇರಿತ್ತು. ಅಮೆರಿಕದ ಪ್ರತಿ ಆಟಗಾರನಿಗೆ ಐದು ಲಕ್ಷ ಡಾಲರ್ ನಿಗದಿಯಾಗಿತ್ತು. ಮೂರು ಲಕ್ಷ ದಾನಕ್ಕೆ, ಎರಡು ಲಕ್ಷ ಅವರದೇ ಕೈಗೆ. ಅದುವರೆಗೆ ಬರುತ್ತಿದ್ದ ಹಣ ಪೂರ್ತಿ ದಾನಕ್ಕೆ ಹೋಗುತ್ತಿತ್ತು. ಯೂರೋಪಿನವರು ಏನನ್ನೂ ಪಡೆಯಲಿಲ್ಲ. ಮೆಕಿಲ್‌ರಾಯ್‌ಯಂತೂ ರೈಡರ್ ಕಪ್ ಆಡಲು ತಾನೇ ಹಣ ಕೊಡಲೂ ಸಿದ್ಧ ಎಂದಿದ್ದರು. ಎರಡು ದಿನಗಳ ಬಳಿಕ ಯೂರೋಪ್ 11½-4½ರಿಂದ ಮುಂದಿತ್ತು. ಕೊನೆಯ ದಿನ ಅಮೆರಿಕ ಹನ್ನೆರಡರಲ್ಲಿ 8½ ಅಂಕ ಬಾಚಿ ಬೆದರಿಸಿತಾದರೂ, ಐರ್ಲೆಂಡಿನ ಶೇನ್ ಲೌರಿ ಹದಿನೆಂಟನೇ ಗ್ರೀನ್‌ನಲ್ಲಿ ಒಳಹಾಕಿದ ಪಟ್‌ನಿಂದ ಬಂದ ಅರ್ಧ ಅಂಕ ಕಪ್ಪನ್ನು ಯೂರೋಪಿಗೇ ಉಳಿಸಿತು. ಅಂತಿಮ ಅಂಕ 15-13.

ಹಣ ಪಡೆದದ್ದರಿಂದ ಅಮೆರಿಕ ಸೋತಿತೆನ್ನುವುದು ಬಾಲಿಶ. ಹಾಗಿದ್ದರೆ ಕೊನೆಯ ದಿನದ ಆ ಹೋರಾಟವೇ ನಡೆಯುತ್ತಿರಲಿಲ್ಲ. ಆದರೆ ಲೌರಿಯ ಆ ಪಟ್ಟನ್ನು ಎದುರಾಳಿ ರಸೆಲ್ ಹೆನ್ಲಿ ಬಿಟ್ಟುಕೊಡಲಿಲ್ಲ, ಬಿಟ್ಟುಕೊಡಬೇಕೆಂದು ಯಾರೂ ಬಯಸಲೂ ಇಲ್ಲ. ಮುಂದಿನ ರೈಡರ್ ಕಪ್ 2027ರಲ್ಲಿ, ಲೌರಿಯ ಸ್ವದೇಶವಾದ ಐರ್ಲೆಂಡಿನ ಅಡೇರ್ ಮ್ಯಾನರ್ ಅಂಗಳಕ್ಕೆ ನಿಗದಿಯಾಗಿದೆ. ಬೀಜ ವ್ಯಾಪಾರಿಯ ಕಪ್‌ಗೆ ಆಗ ನೂರು ವರ್ಷ.